ಕೂರುವುದಕ್ಕೆ ಮಾತ್ರ

ಫೋಟೋದಲ್ಲಿ ಸರಿಯಾಗಿ ಕಾಣುತ್ತಿದ್ದುದು ಎರಡು ಅಂಗಾಲು ಮಾತ್ರ. ಉಳಿದ ಮನುಷ್ಯ ಕಲ್ಲುಹಾಸಿನ ಆ ತುದಿಯಲ್ಲಿ, ಮುಖದ ಮೇಲೆ ಹರಡಿಕೊಂಡ ಪತ್ರಿಕೆಯ ಅಡಿಯಲ್ಲಿ, ಚಿಕ್ಕದಾಗುತ್ತ ಮುಗಿದುಹೋಗಿದ್ದ. ಆದರೆ ಉದ್ಯಾನ ವಿಭಾಗದ ಮೇಲ್ವಿಚಾರಕನಿಗೆ ಅಷ್ಟೇ ಸಾಕಾಯಿತು. ಬಲ ಹಿಮ್ಮಡಿಯಲ್ಲಿ ಕವಲೊಡೆದ ಬಿರುಕು, ಹೆಬ್ಬೆರಳನ್ನೂ ಮೀರಿ ಮುಂದೆ ಬಂದ ಎರಡನೆಯ ಬೆರಳು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಹಾಲು ತರಲು ಮುಂದಿನ ಕೋಣೆ ಹಾದುಹೋಗುವಾಗ ಎಡವದಂತೆ ದಾಟುತ್ತಿದ್ದ ಕಾಲುಗಳು ಅವು. ಅಣ್ಣನ ಮುಖ ನೆನಪಿಸಿಕೋ ಎಂದರೆ ಅವನು ಒಂದು ಗಳಿಗೆ ತಡವರಿಸುತ್ತಿದ್ದನೋ ಏನೋ. ಕಾಲು ಮಾತ್ರ ಬಾಯಿಪಾಠವಾಗಿತ್ತು. ಫೋಟೋವನ್ನು ಮಗುಚಿ ಇಟ್ಟ. ಮಗುಚಿದ ಮೇಲೆ, ಯಾರಾದರೂ ನೋಡಿದರೆ ಮಗುಚಿದ್ದೇಕೆ ಎಂದು ಕೇಳಿಯಾರು ಅನ್ನಿಸಿ ಮತ್ತೆ ನೆಟ್ಟಗೆ ಇಟ್ಟ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಫೋಟೋದ ಜೊತೆಗಿದ್ದ ಪತ್ರ ನಡಿಗೆದಾರರ ಸಂಘದ್ದು. ಗುಡ್ಡದ ಸುತ್ತಿನ ನಡಿಗೆಹಾದಿ ಶುರುವಾಗುವಲ್ಲಿ ಒಂದು ಪುಟ್ಟ ಉದ್ಯಾನ, ಅಲ್ಲೊಂದು ಹಳೆಯ ಕಲ್ಲುಹಾಸು. ಅದರ ಮೇಲೆ ‘ಪ್ರತಿದಿನ ಮಧ್ಯಾಹ್ನ ಅಪರಿಚಿತ ವ್ಯಕ್ತಿಯೊಬ್ಬ ನಿರ್ಭಿಡೆಯಿಂದ ನಿದ್ರಿಸುತ್ತಿರುವುದು ಆರೋಗ್ಯಾಕಾಂಕ್ಷಿಗಳ ಮನೋಬಲವನ್ನು ಕುಗ್ಗಿಸುತ್ತಿದೆ’ ಎಂದು ಸಂಘದ ಕಾರ್ಯದರ್ಶಿ ಬರೆದಿದ್ದರು. ನಿವೃತ್ತ ದಂತವೈದ್ಯರು. ನಡೆಯಲು ಹೊರಟವನಿಗೆ ಮಲಗಿದವನನ್ನು ಕಂಡರೆ ತಾನೂ ಮಲಗೋಣ ಅನ್ನಿಸುತ್ತದಂತೆ. ಅದು ಸೋಂಕಿನ ಹಾಗೆ ಹರಡುತ್ತದಂತೆ. ಆದ್ದರಿಂದ ಕಲ್ಲು ತೆಗೆಸಿ, ಸಭ್ಯ ನಾಗರಿಕರು ಕೂರಬಲ್ಲ, ಆದರೆ ಯಾರೂ ಮಲಗಲಾಗದ ಆಸನಗಳನ್ನು ಹಾಕಿಸಬೇಕು. ಅಂಚಿನಲ್ಲಿ ಉದ್ಯಾನ ಸಮಿತಿಯ ಅಧ್ಯಕ್ಷೆ ಹಸಿರು ಶಾಯಿಯಲ್ಲಿ ‘ತುರ್ತು’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಊರಿಗೆಲ್ಲ ನೀರು ಬಾರದೆ ವಾರವಾದಾಗ ಆಕೆ ಎಳೆದದ್ದು ಒಂದೇ ಗೆರೆ ಎಂಬುದು ಅವನಿಗೆ ನೆನಪಿತ್ತು.

ಅಪರಿಚಿತ ವ್ಯಕ್ತಿ. ಅಣ್ಣ ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ನಿಂತುಕೊಂಡೇ ಅಕ್ಷರದ ಮೊಳೆ ಜೋಡಿಸಿದವನು. ನಿಂತು ನಿಂತು ಸೊಂಟದ ಮೂಳೆಗಳು ತಮ್ಮಷ್ಟಕ್ಕೆ ಏನೋ ಒಪ್ಪಂದ ಮಾಡಿಕೊಂಡುಬಿಟ್ಟಿದ್ದವು: ಅವನು ನಿಲ್ಲಬಲ್ಲ, ಮಲಗಬಲ್ಲ; ಕೂರಲಾರ. ಹತ್ತು ನಿಮಿಷ ಕೂತರೆ ಬಲಗಾಲು ಮರಗಟ್ಟಿ ಮುಖ ಬೆಳ್ಳಗಾಗುತ್ತಿತ್ತು. ಊಟವನ್ನೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಮಾಡುತ್ತಿದ್ದ. ಅಚ್ಚುಕೂಟ ಮುಚ್ಚಿದಾಗ ಎರಡು ದಿನದ ಮಟ್ಟಿಗೆ ಎಂದು ತಮ್ಮನ ಮನೆಗೆ ಬಂದಿದ್ದ. ಬಂದವನು ಒಂದು ಚೀಲವನ್ನು ಮೂಲೆಯಲ್ಲಿಟ್ಟು, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಒಂದು ಕಾಗುಣಿತದ ತಪ್ಪು ಹುಡುಕಿಕೊಟ್ಟು, ಮುಂದಿನ ಕೋಣೆಯ ನೆಲದ ಮೇಲೆ ಉದ್ದಕ್ಕೆ ಮಲಗಿದ್ದ. ಅಲ್ಲಿಂದ ಮೂರು ವರ್ಷ ತೊಂದರೆಯೇನೂ ಆಗಿರಲಿಲ್ಲ. ತೊಂದರೆ ಆದದ್ದು ಹೆಂಡತಿ ಪಿಟೀಲು ತರಗತಿ ಶುರುಮಾಡಿದ ಮೇಲೆ. ನಲವತ್ತು ದಾಟಿದ ಮೇಲೆ ಸಂಗೀತದ ಹುಚ್ಚು ಹತ್ತಿದ ಐವರು ಹೆಂಗಸರು ಎರಡರಿಂದ ಐದರವರೆಗೆ ಮುಂದಿನ ಕೋಣೆಯಲ್ಲಿ ತಂತಿಗಳನ್ನು ಹಿಂಸಿಸುತ್ತಿದ್ದರು. ಅವರ ನಡುವೆ ಒಬ್ಬ ಗಂಡಸು ಅಂಗಾತ ಮಲಗಿರುವುದು ಸಾಧ್ಯವಿರಲಿಲ್ಲ. ಒಳಗಿನ ಒಂದೇ ಕೋಣೆ ಗಂಡಹೆಂಡಿರದು. ಹೆಂಡತಿ ಏನೂ ಹೇಳಲಿಲ್ಲ. ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದಳು, ಅಷ್ಟೆ. ಹೇಳಿದವನು ಅವನೇ. ಬೆಳಿಗ್ಗೆ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು, “ಮಧ್ಯಾಹ್ನ ಸ್ವಲ್ಪ ಗಾಳಿಗೆ ಹೋಗಿಬಾರೋ ಅಣ್ಣ, ನಿಂಗೂ ಒಳ್ಳೇದು” ಎಂದಿದ್ದ. ನೊರೆ ಇದ್ದುದರಿಂದ ಮಾತು ಸ್ಪಷ್ಟವಾಗಿರಲಿಲ್ಲ. ಸ್ಪಷ್ಟವಾಗದಿರಲಿ ಎಂದೇ ಆ ಹೊತ್ತು ಆರಿಸಿಕೊಂಡಿದ್ದನೇ ಎಂದು ಈಗ ಮೇಜಿನ ಮುಂದೆ ಯೋಚಿಸಿದ. ಅಣ್ಣ ಮಾತ್ರ ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡಿದ್ದ. “ಹೌದಲ್ವಾ, ಗಾಳಿ” ಎಂದು, ಅದೊಂದು ಹೊಸ ಪದವೆನ್ನುವಂತೆ ಇನ್ನೊಮ್ಮೆ ಉಚ್ಚರಿಸಿ, ಅವತ್ತೇ ಎರಡು ಗಂಟೆಗೆ ನೀರಿನ ಬಾಟಲಿ ಹಿಡಿದು ಹೊರಟಿದ್ದ.

ಮಾದರಿ ಬೆಂಚುಗಳು ಬಂದು ಕಚೇರಿಯ ಹಿಂದಿನ ಅಂಗಳದಲ್ಲಿ, ಕೆಟ್ಟು ನಿಂತ ನೀರಿನ ಟ್ಯಾಂಕರಿನ ಪಕ್ಕ, ಹೆಣ್ಣು ನೋಡಲು ಬಂದವರ ಎದುರಿನ ಹುಡುಗಿಯರಂತೆ ಸಾಲಾಗಿ ನಿಂತವು. ಅಧ್ಯಕ್ಷೆ ಬಂದರು, ದಂತವೈದ್ಯರು ಬಂದರು, ಸಮಿತಿ ಗೊತ್ತುಮಾಡಿದ್ದ ವಿನ್ಯಾಸಗಾರ್ತಿ ದೊಡ್ಡ ಕನ್ನಡಕ ಮತ್ತು ಸಣ್ಣ ನೋಟ್‌ಬುಕ್ಕಿನೊಂದಿಗೆ ಬಂದಳು. ಮೊದಲನೆಯದು ಸಿಮೆಂಟಿನ ಅಲೆ. “ಇದು ಗುಡ್ಡದ ಜೊತೆ ಮಾತಾಡುತ್ತೆ” ಎಂದಳು ವಿನ್ಯಾಸಗಾರ್ತಿ. ಅಧ್ಯಕ್ಷೆ ಅದರ ಮೇಲೆ ಕೂತರು, ಮೆಲ್ಲಗೆ ತಗ್ಗಿನ ಕಡೆಗೆ ಜಾರಿದರು, ಜಾರಿಲ್ಲವೆಂಬಂತೆ ಅಲ್ಲೇ ಕೂತು, “ಮಾತಾಡ್ಲಿ ಬಿಡಿ, ಬೇರೆ ನೋಡೋಣ” ಎಂದರು. ಎರಡನೆಯದು ಸಾದಾ ಮರದ್ದು, ಬೆನ್ನಿಗೆ ಮೂರು ಹಲಗೆ. ಅದನ್ನು ಹೊಗಳಲು ವಿನ್ಯಾಸಗಾರ್ತಿಗೆ ಏನೂ ಸಿಕ್ಕಲಿಲ್ಲ. ಕೊನೆಯದು ಎರಕದ ಕಬ್ಬಿಣದ್ದು. ನಡುವೆ ಎರಡು ಕಡೆ ಕೈ ಇಡಲು ಬಾಗಿದ ಪಟ್ಟಿ; ಹಾಗಾಗಿ ಮೂರು ಪ್ರತ್ಯೇಕ ಮನೆಗಳಿದ್ದಂತೆ, ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎದ್ದೇ ಹೋಗಬೇಕು. “ಇದು ಮರ್ಯಾದೆಯ ಬೆಂಚು. ಪಕ್ಕದವರ ಮೈ ತಾಗಲ್ಲ” ಎಂದಳು ಅವಳು. ದಂತವೈದ್ಯರು ಎಲ್ಲವನ್ನೂ ಬೆರಳಿನಿಂದ ಟಕಟಕ ಬಡಿದು, ಯಾವುದಕ್ಕಾದರೂ ನೋವಾಗುತ್ತದೆಯೇ ಎಂದು ನೋಡುವವರಂತೆ ತಲೆ ಓರೆಮಾಡಿದರು.

“ಕೂತು ನೋಡಿದ್ದಾಯ್ತು,” ಎಂದರು. “ಆದ್ರೆ ನಮ್ಮ ಸಮಸ್ಯೆ ಕೂರೋದಲ್ವಲ್ಲ. ಯಾರಾದ್ರೂ ಮಲಗಿ ನೋಡ್ಬೇಕು.”

ಮಲಗುವವರು ಯಾರು? ಅಧ್ಯಕ್ಷೆ ವಿನ್ಯಾಸಗಾರ್ತಿಯನ್ನು ನೋಡಿದರು, ವಿನ್ಯಾಸಗಾರ್ತಿ ನೋಟ್‌ಬುಕ್ಕನ್ನು ನೋಡಿಕೊಂಡಳು, ಆಮೇಲೆ ಮೂವರೂ ಒಟ್ಟಿಗೆ ಅವನನ್ನು ನೋಡಿದರು.

“ನೀವೇ ಸರಿ,” ಎಂದರು ಅಧ್ಯಕ್ಷೆ ಅವನನ್ನು ಮೇಲಿಂದ ಕೆಳಗೆ ಅಳೆದು. “ಎತ್ತರಾನೂ ಇಲ್ಲ, ಕುಳ್ಳೂ ಅಲ್ಲ. ದಪ್ಪಾನೂ ಅಲ್ಲ. ಸಾಧಾರಣ.”

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಮೇಲಿನವರು ಅವನ ಬಗ್ಗೆ ಆಡಿದ ಅತಿ ವಿವರವಾದ ಮಾತು ಅದು. ಬೂಟು ಬಿಚ್ಚಬೇಕೋ ಬೇಡವೋ ತಿಳಿಯಲಿಲ್ಲ. ಬಿಚ್ಚಿದರೆ ಮಲಗಲೆಂದೇ ಬಂದವನಂತೆ, ಬಿಚ್ಚದಿದ್ದರೆ ಸರಕಾರಿ ಸಾಮಾನಿನ ಮೇಲೆ ಕಾಲಿಟ್ಟಂತೆ. ಬಿಚ್ಚಿದ. ಮರದ ಬೆಂಚಿನ ಮೇಲೆ ಅಂಗಾತ ಮಲಗಿದಾಗ ಆಕಾಶ ಇದ್ದಕ್ಕಿದ್ದಂತೆ ಬಹಳ ದೊಡ್ಡದಾಗಿ ಕಂಡಿತು. ಅದರ ಅಂಚಿನಲ್ಲಿ ಮೂರು ತಲೆಗಳು ಬಾಗಿದ್ದವು. ಕೆಳಗಿನಿಂದ ನೋಡಿದರೆ ಅಧಿಕಾರವೆಂಬುದು ಬಹುಪಾಲು ಮೂಗಿನ ಹೊಳ್ಳೆ ಎಂದು ಅವನಿಗೆ ಹೊಳೆದು, ನಗು ಬಂದು, ತುಟಿ ಬಿರಿಯಿತು. ದಂತವೈದ್ಯರು ಇನ್ನಷ್ಟು ಬಾಗಿ, “ಮೇಲಿನ ದವಡೇಲಿ ಒಂದು ಹುಳುಕು ಹಲ್ಲಿದೆ. ಬೇಗ ತೋರಿಸ್ಕೊಳ್ಳಿ” ಎಂದರು. ಅವನು ಬಾಯಿ ಮುಚ್ಚಿಕೊಂಡ. ಬೆನ್ನಿನ ಕೆಳಗೆ ಹಲಗೆಗಳು ಬಿಸಿಲಿಗೆ ಹದವಾಗಿ ಕಾದಿದ್ದವು. ಅಣ್ಣನಿಗೆ ಮಧ್ಯಾಹ್ನ ಹೀಗೇ ಅನ್ನಿಸುತ್ತಿರಬೇಕು, ಸೊಂಟದ ಒಂದೊಂದೇ ಗಂಟು ಬಿಚ್ಚಿ ಯಾರೋ ಬದಿಗಿಟ್ಟಂತೆ. ಒಂದು ಗಳಿಗೆ ಕಣ್ಣು ಮುಚ್ಚಿದನೋ ಏನೋ, “ನೋಡಿದ್ರಾ, ನೋಡಿದ್ರಾ!” ಎಂದು ದಂತವೈದ್ಯರು ಗೆದ್ದವರಂತೆ ಕೂಗಿದಾಗ ಎಚ್ಚೆತ್ತ. “ಅರ್ಧ ನಿಮಿಷ ಆಗಿಲ್ಲ, ಮಾರಾಯ್ರೇ! ಇದು ಬೇಡ್ವೇ ಬೇಡ.” ಹಾಗೆ ಮರದ ಬೆಂಚು ಹೋಯಿತು. ಅದಕ್ಕೆ ಅಂಟಿದ ದೋಷವೆಂದರೆ ಅವನ ಮುಖದ ಮೇಲೆ ಕಂಡ ನೆಮ್ಮದಿ.

ಕಬ್ಬಿಣದ ಬೆಂಚಿನ ಮೇಲೆ ಮಲಗುವುದು ಅಷ್ಟು ಸುಲಭವಿರಲಿಲ್ಲ. ಒಂದು ಮನೆಯಲ್ಲಿ ಕೂತು, ಕಾಲುಗಳನ್ನು ಪಕ್ಕದ ಪಟ್ಟಿಯ ಕೆಳಗೆ ತೂರಿಸಿದ. ಮೊಣಕಾಲಿನವರೆಗೆ ಹೋದವು, ಅಲ್ಲಿ ಸಿಕ್ಕಿಕೊಂಡವು. “ಆಗಲ್ಲ ಅಲ್ವಾ?” ಎಂದರು ಅಧ್ಯಕ್ಷೆ, ಆಗಲೇ ಗಡಿಯಾರ ನೋಡಿಕೊಳ್ಳುತ್ತ. ಆಗಲ್ಲ ಮೇಡಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸ್ವಲ್ಪ ಓರೆಯಾಗಿ ಹೊರಳಿದರೆ ಕಾಲು ಎರಡನೆಯ ಪಟ್ಟಿಯ ಕೆಳಗೂ ಹೋಗುತ್ತದೆ, ಆಮೇಲೆ ಬೆನ್ನು ತಾನಾಗಿ ಕೆಳಗಿಳಿಯುತ್ತದೆ ಎಂದು ಅವನ ಮೈಗೆ ಗೊತ್ತಾಗಿಹೋಗಿತ್ತು. ಅಣ್ಣ ಅವನಿಗಿಂತ ತೆಳ್ಳಗೆ. ದಾರ ಸೂಜಿಯಲ್ಲಿ ಹೋದಂತೆ ಹೋಗುತ್ತಿದ್ದ. ಸುಮ್ಮನಿದ್ದರೆ ಸಮಿತಿಗೆ ಅವರ ಬೆಂಚು, ಅಣ್ಣನಿಗೆ ಅವನ ನಿದ್ದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇದನ್ನೆಲ್ಲ ಯೋಚಿಸಿದ್ದು ಮೊದಲೋ, ಬಾಯಿ ತೆರೆದದ್ದು ಮೊದಲೋ ಅವನಿಗೆ ಕೊನೆಗೂ ಬಗೆಹರಿಯಲಿಲ್ಲ.

“ಆಗುತ್ತೆ ಮೇಡಂ,” ಎಂದ.

ಮೂವರೂ ಅವನ ಕಡೆ ತಿರುಗಿದರು. ಅವನು ಹೊರಳಿದ, ಕಾಲು ತೂರಿಸಿದ, ಎರಡೂ ಪಟ್ಟಿಗಳ ಕೆಳಗೆ ಉದ್ದಕ್ಕೆ ಮಲಗಿ ತೋರಿಸಿದ. ಅಲ್ಲಿಂದಲೇ, ಕಬ್ಬಿಣದ ಕೆಳಗಿನಿಂದ, ವಿವರಿಸಿದ. “ಪಟ್ಟಿ ನಾಲ್ಕು ಬೆರಳು ಕೆಳಗಿಳಿಸ್ಬೇಕು. ಆಗ ಮೊಣಕಾಲು ದಾಟಲ್ಲ. ಕೈ ಇಡೋಕೂ ಏನೂ ತೊಂದರೆ ಆಗಲ್ಲ.” “ಅರೆ, ಒಳ್ಳೇ ಪಾಯಿಂಟು,” ಎಂದು ವಿನ್ಯಾಸಗಾರ್ತಿ ಬರೆದುಕೊಂಡಳು, ಬರೆದುಕೊಂಡು, ಅಡಿಗೆರೆ ಎಳೆದಳು. ಅವನು ಆ ಅಡಿಗೆರೆಯನ್ನು ಮಲಗಿದಲ್ಲಿಂದಲೇ ನೋಡಿದ. ಎದೆಯೊಳಗೆ ಬೆಚ್ಚಗೆ ಏನೋ ಏರಿತು. “ಇಷ್ಟು ದಿನ ಎಲ್ಲಿದ್ರಿ ನೀವು?” ಎಂದರು ಅಧ್ಯಕ್ಷೆ. ಕಳೆದ ಹನ್ನೊಂದು ವರ್ಷದಿಂದ ಆಕೆಯ ಕೋಣೆಯ ಎದುರು ಕೋಣೆಯಲ್ಲೇ ಇದ್ದ. ಹಾಗೆಂದು ಹೇಳದೆ ನಕ್ಕ. ಏಳಲು ಹೋದಾಗ ಮೊಣಕಾಲು ಸಿಕ್ಕಿಕೊಂಡಿತು. ದಂತವೈದ್ಯರು ಕಂಕುಳಿಗೆ ಕೈಹಾಕಿ, ಹಳೆಯ ಹಲ್ಲನ್ನು ಅಲ್ಲಾಡಿಸಿ ಕೀಳುವ ಅಭ್ಯಾಸಬಲದಿಂದ ಅವನನ್ನು ಎಳೆದು ತೆಗೆದರು.

ಆ ಬೆಚ್ಚಗಿನದು ಮನೆ ತಲುಪುವ ಹೊತ್ತಿಗೆ ಹುಳಿಯಾಗಿತ್ತು. ನನ್ನ ಕೆಲಸ ನಾನು ಮಾಡಿದೆ ಎಂದು ಬಸ್ಸಿನಲ್ಲಿ ಮೂರು ಬಾರಿ ಹೇಳಿಕೊಂಡ. ಕೆಲಸ ಮಾಡಿದವನು ಅಷ್ಟು ಬಾರಿ ಯಾಕೆ ಹೇಳಿಕೊಳ್ಳಬೇಕು? ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಒರೆಸುತ್ತಿದ್ದಳು. “ತರಗತಿಯನ್ನ ಬೇರೆ ಎಲ್ಲಾದ್ರೂ ಮಾಡೋಕಾಗಲ್ವಾ?” ಎಂದು ಕೇಳಿದ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ಯಾಕೆ? ನಿಮ್ಮಣ್ಣ ಏನಾದ್ರೂ ಅಂದ್ರಾ?”

“ಅವನೇನೂ ಅನ್ನಲಿಲ್ಲ.”

“ಮತ್ತೆ? ನಾನು ಅವರನ್ನ ಹೋಗಿ ಅಂತ ಯಾವತ್ತಾದ್ರೂ ಹೇಳಿದೀನಾ? ನೀವೇ ಕಳಿಸಿದ್ದು. ನಾನು ಕೆಟ್ಟವಳಾಗೋದು ಬೇಡ ಅಂತ ಸುಮ್ಮನಿದ್ದೆ, ನೀವು ಹೇಳಿದ್ರಿ. ಈಗ ನೀವು ಒಳ್ಳೆಯವರಾಗ್ಬೇಕು ಅಂತ ನಾನು ತರಗತಿ ಬಿಡ್ಬೇಕಾ?”

ನಿಜವಾಗಿತ್ತು. ನಿಜವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವವಳನ್ನು ಮದುವೆಯಾದದ್ದು ತನ್ನ ತಪ್ಪು ಎಂದುಕೊಂಡು ಮುಂದಿನ ಕೋಣೆಗೆ ಬಂದ. ಅಣ್ಣ ಚಾಪೆಯ ಮೇಲೆ ಮಲಗಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ತಪ್ಪು ಹುಡುಕುತ್ತಿದ್ದ. “ಏನೋ ಗುಂಡು, ಹೊಟ್ಟೆ ಸರಿ ಇಲ್ವಾ?” ಎಂದು ಕೇಳಿದ. ಹುಟ್ಟಿದಾಗ ದುಂಡಗಿದ್ದನಂತೆ, ಐವತ್ತೆರಡರಲ್ಲೂ ಆ ಹೆಸರು ಬಿಟ್ಟಿರಲಿಲ್ಲ.

“ಸರಿ ಇದೆ. ಅಣ್ಣ, ನೀನು ಆ ಗುಡ್ಡದ ಹತ್ರ ಹೋಗ್ತೀಯಲ್ಲ, ಇನ್ನು ಕೆಲವು ದಿನ ಹೋಗ್ಬೇಡ. ಕೆಲಸ ನಡೆಯುತ್ತೆ ಅಲ್ಲಿ. ಧೂಳು.”

“ಏನು ಕೆಲಸ?”

“ಕಲ್ಲು ತೆಗೀತಾರೆ. ಹೊಸ ಬೆಂಚು ಹಾಕ್ತಾರೆ.”

“ಒಳ್ಳೇದಾಯ್ತು ಬಿಡು,” ಎಂದ ಅಣ್ಣ, ಪತ್ರಿಕೆಯ ಪುಟ ತಿರುಗಿಸಿ. “ಆ ಕಲ್ಲು ಕಾದು ಬೆನ್ನು ಸುಡ್ತಾ ಇತ್ತು. ನೀನೇ ಮಾಡಿಸ್ತಿರೋದಾ?”

ಹೌದು ಎಂದೂ ಅನ್ನದೆ ಇಲ್ಲವೆಂದೂ ಅನ್ನದೆ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, “ಆಫೀಸಿನವರು” ಎಂದ. ಇನ್ನೇನೋ ಹೇಳಬೇಕಿತ್ತು. ಹೇಳಲು ಮೊದಲು ಅಣ್ಣನ ಕಾಲು ದಾಟಿ ಆಚೆ ಹೋಗಿ ನಿಲ್ಲೋಣವೆಂದುಕೊಂಡ. ದಾಟಿದ ಮೇಲೆ ಸೀದಾ ಒಳಕೋಣೆಗೆ ನಡೆದುಬಿಟ್ಟ. ಕೆಲಸ ನಡೆದ ಹತ್ತು ಹನ್ನೆರಡು ದಿನವೂ ಅಣ್ಣ ಮನೆಯಲ್ಲೇನೂ ಉಳಿಯಲಿಲ್ಲ. ಅದೇ ಜಾಗಕ್ಕೇ ಹೋಗಿ, ಮರದ ಕೆಳಗೆ ನಿಂತು, ಬೆಸುಗೆ ಹಾಕುವುದನ್ನು ಮೂರು ಗಂಟೆ ನೋಡಿ ಬರುತ್ತಿದ್ದ. ನಿಂತು ನೋಡುವುದು ಅವನಿಗೆ ಕಷ್ಟವಿರಲಿಲ್ಲ. “ಕೆಲಸಗಾರರು ಗಟ್ಟಿಗರು ಕಣೋ. ಬೆಸುಗೆಯಲ್ಲಿ ಒಂದು ಕೂದಲು ಹೋಗೋಷ್ಟು ಸಂದಿ ಬಿಟ್ಟಿಲ್ಲ” ಎಂದು ಒಂದು ಸಂಜೆ ಹೊಗಳಿದ. 

ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ ಎಂದು ಅವನೇ ಬರೆದು ಕಳಿಸಿದ್ದ, ಹತ್ತಕ್ಕಾದರೆ ಎಲ್ಲ ಮುಗಿದು ಎಲ್ಲರೂ ಹೊರಟುಹೋಗಿ ಎಷ್ಟೋ ಹೊತ್ತಾದ ಮೇಲಷ್ಟೇ ಅಣ್ಣ ಹೊರಡುವ ಎರಡು ಗಂಟೆ ಬಡಿಯುತ್ತದೆಂದು ಲೆಕ್ಕ ಹಾಕಿ. ಅಧ್ಯಕ್ಷೆಗೆ ಬೆಳಿಗ್ಗೆ ಬೇರೆಲ್ಲೋ ಒಂದು ಶೌಚಾಲಯದ ರಿಬ್ಬನ್ನು ಬಂತು. ಎರಡೂವರೆಗೆ ಎಂದು ಫೋನು ಬಂದಾಗ ಅವನು ಮನೆಗೆ ಫೋನು ಮಾಡಿದ. ಹಿನ್ನೆಲೆಯಲ್ಲಿ ಐದು ಪಿಟೀಲುಗಳು ಐದು ಕಡೆ ಎಳೆಯುತ್ತಿದ್ದವು. “ನಿಮ್ಮಣ್ಣನಾ? ಆಗಲೇ ಹೋದ್ರಲ್ಲ” ಎಂದಳು ಹೆಂಡತಿ.

ಬೆಂಚುಗಳು ಕಪ್ಪಗೆ ಹೊಳೆಯುತ್ತಿದ್ದವು. ರಿಬ್ಬನ್ನು ಕತ್ತರಿಸಿ ಆಗಿತ್ತು. ಅಧ್ಯಕ್ಷೆ ‘ಆಸನವೆಂದರೆ ನಾಗರಿಕತೆಯ ಮೊದಲ ಮೆಟ್ಟಿಲು’ ಎಂದು ನಾಲ್ಕು ನಿಮಿಷ ಮಾತಾಡಿದರು, ನಿಂತುಕೊಂಡು. ಎಲ್ಲರೂ ಸ್ವಲ್ಪ ದೂರದ ಚಪ್ಪರದ ಕೆಳಗೆ ಚಹಾ ಲೋಟ ಹಿಡಿದು ನಿಂತಿದ್ದಾಗ ದಂತವೈದ್ಯರು ಅವನ ಮೊಣಕೈ ಹಿಡಿದರು. “ಬಂದ ನೋಡಿ ನಮ್ಮ ಮಹಾರಾಯ!”

ಅಣ್ಣ ಗೇಟಿನಿಂದ ಬರುತ್ತಿದ್ದ. ಕಂಕುಳಲ್ಲಿ ಪತ್ರಿಕೆ, ಕೈಯಲ್ಲಿ ಬಾಟಲಿ, ಎಡಕ್ಕೆ ತುಸು ವಾಲಿದ ಆ ನಡಿಗೆ. ದೂರದಿಂದ, ಬೇರೆಯವರ ಪಕ್ಕ ನಿಂತು ನೋಡಿದಾಗ, ಅವನು ನಿಜವಾಗಿಯೂ ದೂರಿಗೆ ಗುರಿಯಾಗಬಹುದಾದ ಮನುಷ್ಯನಂತೆ ಕಂಡ.

“ಯಾರದು?” ಎಂದರು ಅಧ್ಯಕ್ಷೆ.

“ಅದೇ ಫೋಟೋದಲ್ಲಿದ್ದವನು. ಯಾರೂ ಏನೂ ಮಾತಾಡ್ಬೇಡಿ. ಏನ್ಮಾಡ್ತಾನೆ ನೋಡೋಣ.”

ವಿನ್ಯಾಸಗಾರ್ತಿ ಫೋನು ಎತ್ತಿ ಹಿಡಿದಳು. ಜನ ಹೇಗೆ ಬಳಸುತ್ತಾರೆಂಬುದನ್ನು ದಾಖಲಿಸಿಕೊಳ್ಳಬೇಕಂತೆ. ಅಣ್ಣ ಮೊದಲು ಬೆಂಚನ್ನು ಒಂದು ಸುತ್ತು ಬಂದ. ಬೆಸುಗೆಯ ಮೇಲೆ ಬೆರಳಾಡಿಸಿ, ಮೆಚ್ಚಿದವನಂತೆ ತಲೆದೂಗಿದ. ಬಾಟಲಿ ಕೆಳಗಿಟ್ಟು, ತುದಿಯ ಮನೆಯಲ್ಲಿ ಕೂತು, ಒಂದು ಕಾಲೆತ್ತಿ ಪಟ್ಟಿಯ ಕೆಳಗೆ ತೂರಿಸಿದ. ಮೊಣಕಾಲಿಗೆ ನಿಂತಿತು. ಹಿಂದೆಗೆದು, ಓರೆಯಾಗಿ ಹೊರಳಿ, ಇನ್ನೊಮ್ಮೆ ತೂರಿಸಿದ. ಸರಿಯಾಗಿ ಹಾಗೇ ಹೊರಳಬೇಕೆಂದು ಅವನ ಮೈಗೂ ಗೊತ್ತಾಗಿತ್ತು. ನಾಲ್ಕು ಬೆರಳಿನ ಸಂಗತಿ ಗೊತ್ತಿರಲಿಲ್ಲ. ತಲೆಯನ್ನು ಪಟ್ಟಿಯ ಮೇಲಿಟ್ಟು ನೋಡಿದ, ಕತ್ತು ಮುರಿದ ಕೋಳಿಯ ಹಾಗಾಯಿತು. ಕಂಕುಳಿನಿಂದ ಪತ್ರಿಕೆ ಜಾರಿ ಹಾಳೆಹಾಳೆಯಾಗಿ ಹಾರಿತು. ಅದನ್ನು ಹಿಡಿಯಲು ಹೋಗಿ, ಸಿಕ್ಕಿದ ಕಾಲು ಬಿಡಿಸಿಕೊಳ್ಳಲಾರದೆ, ಗಾಳಿಯಲ್ಲಿ ಎರಡು ಬಾರಿ ಕೈಬೀಸಿದ. ದಂತವೈದ್ಯರು ಚಹಾ ಚೆಲ್ಲುವಂತೆ ನಕ್ಕರು. ಅಧ್ಯಕ್ಷೆ ನಕ್ಕರು. ವಿನ್ಯಾಸಗಾರ್ತಿ ಫೋನು ಅಲುಗದಂತೆ ತುಟಿ ಕಚ್ಚಿ ನಕ್ಕಳು. ಆಮೇಲೆ, ಎಲ್ಲರ ನಗೆಯೂ ಇಳಿಯುತ್ತಿದ್ದಾಗ, ಒಂದು ಗಳಿಗೆ ತಡವಾಗಿ, ಅವನೂ ನಕ್ಕ. ತಡವಾದದ್ದರಿಂದ ಅವನ ನಗೆಯೊಂದೇ ಕೇಳಿಸಿತು.

ಅಣ್ಣ ತಿರುಗಿದ. ಅರವತ್ತು ದಾಟಿದರೂ ಆ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ತುಟಿಗಳು ಮುಂದೆ ಬಂದು ಆ ಹೆಸರಿನ ಮೊದಲ ಅಕ್ಷರದ ಆಕಾರ ತಾಳಿದವು. ಅಷ್ಟರಲ್ಲಿ ಅಣ್ಣ ಅಧ್ಯಕ್ಷೆಯನ್ನು ನೋಡಿದ, ಎತ್ತಿ ಹಿಡಿದ ಫೋನು ನೋಡಿದ, ತಮ್ಮನ ಕತ್ತಿಗೆ ತೂಗಿದ್ದ ಗುರುತಿನ ಚೀಟಿ ನೋಡಿದ. ತುಟಿಗಳು ನಿಧಾನಕ್ಕೆ ಹಿಂದಕ್ಕೆ ಹೋದವು. ಎರಡೂ ಕೈಯಿಂದ ಮೊಣಕಾಲು ಹಿಡಿದು ಬಿಡಿಸಿಕೊಂಡು, ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ನಾಲ್ಕು ಹೆಜ್ಜೆ ಹತ್ತಿರ ಬಂದ.

“ಸಾರ್,” ಎಂದ, ನೇರವಾಗಿ ಅವನಿಗೇ. “ಇಲ್ಲಿ ಕೂತ್ಕೋಬಹುದಾ ಸಾರ್? ಏನೂ ತೊಂದರೆ ಇಲ್ವಾ?”

ಇವನು ನಮ್ಮಣ್ಣ. ಎರಡೇ ಪದ. ನಾಲಿಗೆಯ ಮೇಲೆ ಎರಡೂ ಸಿದ್ಧವಾಗಿದ್ದವು. ಅವನ್ನು ಆಡಿದ ಮರುಗಳಿಗೆ ಅಧ್ಯಕ್ಷೆಯ ಹುಬ್ಬು ಎಷ್ಟೆತ್ತರ ಏರುತ್ತದೆ, ದಂತವೈದ್ಯರು ‘ಓಹೋ’ ಎಂಬುದನ್ನು ಎಷ್ಟು ಉದ್ದ ಎಳೆಯುತ್ತಾರೆ, ನಾಳೆ ಕಚೇರಿಯ ಚಹಾದ ಹೊತ್ತಿಗೆ ಯಾರು ಯಾರ ಕಿವಿಗೆ ಬಾಗುತ್ತಾರೆ ಎಲ್ಲವೂ ಕಣ್ಣಿಗೆ ಕಟ್ಟಿತು. ಯಾರದೋ ಕಂಠ, ಮುಪ್ಪಿನವರ ಬಗ್ಗೆ ಗೌರವವಿರುವ ಒಬ್ಬ ಸಜ್ಜನ ನೌಕರನ ಕಂಠ, ಅವನ ಬಾಯಿಂದ ಬಂತು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೂರೋಕೇ ಅಂತ ಹಾಕಿರೋದು.”

ಹುಟ್ಟಿದ ಮೇಲೆ ಅಣ್ಣನಿಗೆ ಅವನು ಬಹುವಚನ ಬಳಸಿದ್ದು ಅದೇ ಮೊದಲು. “ಎಷ್ಟು ಮರ್ಯಾದೆಯಿಂದ ಮಾತಾಡಿಸಿದ್ರಿ ನೋಡಿ,” ಎಂದು ದಂತವೈದ್ಯರು ಬೆನ್ನು ತಟ್ಟಿದರು. “ಹೀಗಿರ್ಬೇಕು. ಬೈಬಾರದು. ಬೆಂಚೇ ಹೇಳ್ಬೇಕು.”

ಅಣ್ಣ ಹೋಗಿ ನಡುವಿನ ಮನೆಯಲ್ಲಿ ಕೂತ. ಎರಡೂ ಕೈ ಎರಡೂ ಪಟ್ಟಿಗಳ ಮೇಲೆ, ಬೆನ್ನು ನೆಟ್ಟಗೆ. ಪತ್ರಿಕೆಯವರ ಫೋಟೋಗ್ರಾಫರ್, ಅಧ್ಯಕ್ಷೆಯ ಏಳು ಚಿತ್ರ ತೆಗೆದಾದ ಮೇಲೆ, ಬಳಕೆಯಲ್ಲಿರುವ ಬೆಂಚು ಒಂದಿರಲಿ ಎಂದು ಅವನದೂ ಒಂದು ತೆಗೆದ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಮೇಲ್ವಿಚಾರಕ ಚಹಾ ಮುಗಿದ ಲೋಟವನ್ನು ಮತ್ತೆ ಮತ್ತೆ ತುಟಿಗಿಟ್ಟುಕೊಳ್ಳುತ್ತ, ಅಣ್ಣನ ಮುಖ ಹಣೆಯಿಂದ ಕೆಳಗೆ ಬೆಳ್ಳಗಾಗುತ್ತ ಬರುವುದನ್ನು ನೋಡಿದ. ಏಳು, ಎದ್ದು ಓಡಾಡು, ಯಾರು ಬೇಡ ಅಂದರು ಎಂದು ಮನಸ್ಸಿನಲ್ಲೇ ಗದರಿದ. ಅಣ್ಣ ಏಳಲಿಲ್ಲ. ಅಧ್ಯಕ್ಷೆಯ ಕಾರಿನಲ್ಲಿ ಕಚೇರಿಗೆ ಬಿಡುತ್ತೇವೆಂದು ತನ್ನನ್ನು ಕರೆದಾಗ ಮೇಲ್ವಿಚಾರಕ, ಮೊದಲ ಬಾರಿಗೆ ಸಿಕ್ಕ ಆ ಗೌರವಕ್ಕೆ ಬೇಡವೆನ್ನಲು ತಿಳಿಯದೆ, ಹಿಂದಿನ ಸೀಟಿನಲ್ಲಿ ಮೆತ್ತೆಗೆ ಒರಗಿ ಹೊರಟ. ಗೇಟು ದಾಟುವಾಗಲೂ ಅಣ್ಣ ಹಾಗೇ ಕೂತಿದ್ದ, ಯಾರೋ ಬರುತ್ತೇನೆಂದು ಹೇಳಿ ಹೋದವರನ್ನು ಕಾಯುವವನಂತೆ.

ಸಂಜೆ ಅಣ್ಣ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದದ್ದು ಐದೂವರೆ ಮೀರಿ. ಚಾಪೆ ಬಿಚ್ಚಿ, ಗೋಡೆಯ ಕಡೆ ಮುಖಮಾಡಿ ಮಲಗಿದ. ಎಂಟು ಗಂಟೆಗೆ ಎದ್ದು, ಕಟ್ಟೆಗೆ ಒರಗಿ ನಿಂತು, ತಟ್ಟೆ ಕೈಗೆತ್ತಿಕೊಂಡ. ಅವನು ಮೇಜಿನ ಬಳಿ ಕೂತು ತಟ್ಟೆ ಬಿಟ್ಟು ತಲೆ ಎತ್ತದೆ ಉಣ್ಣುತ್ತಿದ್ದ. ಬೈಯಲಿ ಎಂದು ಕಾಯುತ್ತಿದ್ದ. ಬೈದರೆ ತಿರುಗಿ ಏನಾದರೂ ಹೇಳಬಹುದಿತ್ತು, ನಿನಗೇನು ಗೊತ್ತು ಆಫೀಸಿನ ಕಷ್ಟ ಎನ್ನಬಹುದಿತ್ತು, ಆಮೇಲೆ ಅಳಬಹುದಿತ್ತು.

“ಯಾಕೆ ಭಾವ, ಇವತ್ತು ತಡ ಆಯ್ತು?” ಎಂದಳು ಹೆಂಡತಿ, ಬಡಿಸುತ್ತ. “ಮುಖ ಬೇರೆ ಬಾಡಿದೆ.”

“ಏನಿಲ್ಲಮ್ಮ. ಹೊಸ ಬೆಂಚು ಹಾಕಿದಾರೆ ಅಲ್ಲಿ. ಕೂತಿದ್ದೆ.”

“ಕೂತಿದ್ರಾ? ನೀವಾ?”

“ಹೂಂ. ಒಬ್ರು ಆಫೀಸರು ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಅಷ್ಟು ಮರ್ಯಾದೆಯಿಂದ ಹೇಳಿದ್ರು. ಹೇಗೆ ಎದ್ದು ಬರೋದು?” ಅಣ್ಣ ತುತ್ತು ನುಂಗಿ ನೀರು ಕುಡಿದ. “ಒಳ್ಳೇ ಮನುಷ್ಯ, ಪಾಪ.”

ಹೆಂಡತಿ ಗಂಡನ ಕಡೆ ತಿರುಗಿದಳು. “ನಿಮ್ಮ ಆಫೀಸಿನವರೇ ಇರ್ಬೇಕು. ಯಾರಂತೆ?”

ಅವನು ತಲೆ ಎತ್ತಿದ. ಅಣ್ಣ ಅವನನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ, ಅಚ್ಚಿಗೆ ಹೋಗುವ ಹಾಳೆಯನ್ನು ಕೊನೆಯ ಸಲ ನೋಡುವಂಥ ನೋಟ.

“ಗೊತ್ತಿಲ್ಲಮ್ಮ,” ಎಂದ ಅಣ್ಣ. “ಪರಿಚಯ ಆಗಲಿಲ್ಲ.”